ಲಕ್ಷ ವರ್ಷಗಳಾಚೆಯ ಸಪ್ತರ್ಷಿ ಮಂಡಲ: ಗ್ರಾಫ್ ಹಾಳೆಯಲ್ಲಿ ನಾನು ಬಿಡಿಸುವ ಬಗೆ

ಸಪ್ತರ್ಷಿ ಮಂಡಲವೆಂದರೆ ನಾಲ್ಕು ನಕ್ಷತ್ರಗಳ ಚೌಕ, ಅದಕ್ಕೆ ಮೂರರ ಬಾಲ. ಅದನ್ನು ಗುರುತಿಸಲು ನನಗೆ ಬೆರಳೇ ಅಳತೆಗೋಲು. ಕೈ ಪೂರ್ತಿ ಚಾಚಿ ನಡುವಿನ ಮೂರು ಬೆರಳು ಜೋಡಿಸಿದರೆ ಸುಮಾರು 5 ಡಿಗ್ರಿ. ಚೌಕದಲ್ಲಿ ಬಾಲಕ್ಕೆ ಎದುರು ಬದಿಯ ಕ್ರತು–ಪುಲಹರ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಚೌಕಕ್ಕೆ ಬಾಲ ಅಂಟುವ ಮೂಲೆಯಲ್ಲಿರುವ ಅತ್ರಿ ಉಳಿದ ಆರಕ್ಕಿಂತ ಮಂಕಾಗಿದ್ದರೆ ಇನ್ನು ಅನುಮಾನ ಬೇಡ. ಸಂಜೆ ನೆಟ್ಟಗಿದ್ದದ್ದು ಬೆಳಗಿನ ಜಾವ ತಲೆಕೆಳಗಾಗಿ ಕಂಡರೆ ಅದು ಭೂಮಿ ತಿರುಗಿದ್ದರಿಂದ, ಆಕಾರ ಬದಲಾದದ್ದರಿಂದಲ್ಲ.

ಆಕಾರ ಬದಲಿಸುವುದು ನಕ್ಷತ್ರಗಳ ನಿಜಚಲನೆ, ಅಂದರೆ ಅವು ಆಕಾಶದಲ್ಲಿ ತಾವೇ ನಿಧಾನವಾಗಿ ಸರಿಯುವುದು. 1718ರಲ್ಲಿ ಹ್ಯಾಲಿ ಇದನ್ನು ಮೊದಲು ಗುರುತಿಸಿದ. ನಾನು ಬಳಸುವುದು ನಕ್ಷತ್ರಗಳ ಸ್ಥಾನ ಅಳೆದ ಹಿಪ್ಪಾರ್ಕಸ್ ಉಪಗ್ರಹದ ಅಂಕಿಗಳನ್ನು.

ಹಾಳೆಯಲ್ಲಿ 1 ಡಿಗ್ರಿಗೆ 1 ಸೆಂ.ಮೀ., ಪೂರ್ವ ಎಡಕ್ಕೆ. ಬಾಲದ ತುದಿಯನ್ನೇ ನೋಡಿ: ಕೊನೆಯಲ್ಲಿ ಮರೀಚಿ, ಅದರ ಹಿಂದೆ ವಸಿಷ್ಠ. ವಸಿಷ್ಠನ ವಿಷುವದಂಶ (ಪೂರ್ವ–ಪಶ್ಚಿಮ ಸ್ಥಾನ, ಗಂಟೆಗಳಲ್ಲಿ) 13 ಗಂಟೆ 23.9 ನಿಮಿಷ, ಮರೀಚಿಯದು 13 ಗಂಟೆ 47.5. 4 ನಿಮಿಷಕ್ಕೆ 1 ಡಿಗ್ರಿ, ಆದ್ದರಿಂದ ವ್ಯತ್ಯಾಸ 23.6 ನಿಮಿಷವನ್ನು 4ರಿಂದ ಭಾಗಿಸಿದರೆ 5.9 ಡಿಗ್ರಿ. ಅದನ್ನು ಘಂಟಾವೃತ್ತಾಂಶದ (ಉತ್ತರ–ದಕ್ಷಿಣ ಸ್ಥಾನ, ಇಲ್ಲಿ ಸರಾಸರಿ 52 ಡಿಗ್ರಿ) ಕೊಸೈನ್‌ನಿಂದ ಗುಣಿಸಲೇಬೇಕು. ಬಿಟ್ಟರೆ ಚಿತ್ರ ಅಡ್ಡಕ್ಕೆ ಎಳೆದಂತಾಗುತ್ತದೆ. ಸಿಗುವುದು 3.6. ಹಾಗಾಗಿ ಮರೀಚಿ ವಸಿಷ್ಠನಿಂದ 3.6 ಸೆಂ.ಮೀ. ಪೂರ್ವಕ್ಕೆ, ಘಂಟಾವೃತ್ತಾಂಶಗಳ ವ್ಯತ್ಯಾಸದಂತೆ 5.6 ಸೆಂ.ಮೀ. ದಕ್ಷಿಣಕ್ಕೆ.

ಈಗ ಚಲನೆ. ಮರೀಚಿ ವರ್ಷಕ್ಕೆ 0.121 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಪಶ್ಚಿಮಕ್ಕೆ ಹೋಗುತ್ತದೆ. ಲಕ್ಷದಿಂದ ಗುಣಿಸಿ 3,600ರಿಂದ ಭಾಗಿಸಿದರೆ 3.4 ಸೆಂ.ಮೀ. ವಸಿಷ್ಠ 3.3 ಸೆಂ.ಮೀ. ಪೂರ್ವಕ್ಕೆ. ಎಡಕ್ಕಿದ್ದ ಮರೀಚಿ ವಸಿಷ್ಠನ ಬಲಕ್ಕೆ ಬಂದು ಬಾಲ ಹಿಂದಕ್ಕೆ ಮಡಚಿಕೊಳ್ಳುತ್ತದೆ! ಅತ್ತ ಕ್ರತುವೂ 3.7 ಸೆಂ.ಮೀ. ಪಶ್ಚಿಮಕ್ಕೆ ಸರಿದು ಚೌಕದ ಬಾಯಿ ಅಗಲವಾಗುತ್ತದೆ. ನಡುವಿನ ಐವರು ಒಂದೇ ಗುಂಪಿನವರು, ಜೊತೆಯಾಗಿಯೇ ಪೂರ್ವಕ್ಕೆ ಹೊರಟವರು. ಆದ್ದರಿಂದ ಕೆಡುವುದು ಎರಡು ತುದಿಗಳು ಮಾತ್ರ.

ಹೆಚ್ಚಿನವರು ಎಡವುವುದು ಎರಡು ಕಡೆ. ಹಿಪ್ಪಾರ್ಕಸ್ ಪಟ್ಟಿಯ ಪೂರ್ವ–ಪಶ್ಚಿಮ ಚಲನೆಗೆ ಕೊಸೈನ್ ಆಗಲೇ ಸೇರಿದೆ. ಮತ್ತೆ ಗುಣಿಸಿದರೆ ಕ್ರತುವಿನ ನಡೆ ಅರ್ಧಕ್ಕಿಳಿಯುತ್ತದೆ. ಇನ್ನೊಂದು, 1950ರ ಮತ್ತು 2000ದ ನಕ್ಷೆಗಳನ್ನು ಹೋಲಿಸಿ ನಕ್ಷತ್ರ ಸರಿಯಿತು ಅನ್ನುವುದು. ಅಲ್ಲಿ ಸರಿದದ್ದು ನಿರ್ದೇಶಾಂಕಗಳ ಜಾಲ: ಅಯನ ಚಲನೆ (ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದು), ವರ್ಷಕ್ಕೆ ಸುಮಾರು 50 ಆರ್ಕ್‌ಸೆಕೆಂಡ್. ಅದರ ಮುಂದೆ ನಿಜಚಲನೆ ಎಲ್ಲಿಯ ಲೆಕ್ಕ? ಎರಡನ್ನೂ ಒಂದೇ ಕಾಲದ ಜಾಲಕ್ಕೆ ತಂದೇ ಹೋಲಿಸಬೇಕು. ಹತ್ತು ಲಕ್ಷ ವರ್ಷಕ್ಕೆ ಈ ನೇರ ಗೆರೆ ಎಳೆಯಬೇಡಿ. ಅಷ್ಟರಲ್ಲಿ ನಕ್ಷತ್ರಗಳ ದೂರವೇ ಬದಲಾಗಿರುತ್ತದೆ.

ಹಾಳೆಯಲ್ಲಿ ವಸಿಷ್ಠ–ಅರುಂಧತಿಯರ ನಡುವೆ ಬರೀ 2 ಮಿ.ಮೀ. ಅಷ್ಟು ಸರಿಯಲು ಕ್ರತುವಿಗೆ ಸುಮಾರು 5,100 ವರ್ಷ ಬೇಕು.