ಡ್ರೈ ವೈಟ್ ವೈನ್: ಹುಳಿಯ ಹದ ನೋಡಿ ಆರಿಸಿಕೊಳ್ಳುವ ಬಗೆ

ಕೊಡಗಿನಲ್ಲಿ ವೈನ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಮಡಿಕೇರಿ, ಕುಶಾಲನಗರಗಳ ಅಂಗಡಿಗಳಲ್ಲಿ ಜೇನು, ಕಾಫಿಪುಡಿ, ಕಾಳುಮೆಣಸಿನ ಪೊಟ್ಟಣಗಳ ಪಕ್ಕದಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಹೋಂ ಮೇಡ್ ವೈನ್. ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ಪ್ಯಾಶನ್ ಫ್ರೂಟ್ ಹೀಗೆ ಯಾವುದರಿಂದ ಮಾಡಿದ್ದಾದರೂ ಅದರಲ್ಲಿ ಸಾಮಾನ್ಯವಾಗಿ ಸಕ್ಕರೆ ಧಾರಾಳವಾಗಿರುತ್ತದೆ. ಆ ರುಚಿಗೆ ಒಗ್ಗಿಕೊಂಡವರು, ಅಥವಾ ಮಿಲಿಟರಿ ಕ್ಯಾಂಟೀನಿನ ರಮ್ಮು, ವಿಸ್ಕಿಗಳನ್ನಷ್ಟೇ ಬಲ್ಲವರು, ಡ್ರೈ, ಎಂದರೆ ಸಿಹಿ ಉಳಿಯದ, ವೈಟ್ ವೈನಿನ ಮೊದಲ ಗುಟುಕಿಗೇ ಮುಖ ಹಿಂಡಿ ಲೋಟ ಕೆಳಗಿಡುವುದುಂಟು. ಇದು ವೈನಿನ ದೋಷವೂ ಅಲ್ಲ, ಕುಡಿದವರ ದೋಷವೂ ಅಲ್ಲ. ಸಿಹಿಯನ್ನು ಹುಡುಕುತ್ತಿದ್ದ ನಾಲಿಗೆಗೆ ಹುಳಿ ಎದುರಾಗಿದೆ, ಅಷ್ಟೆ. ಅಡುಗೆಗೆ ಹಾಕುವ ಹುಳಿಯಾದ ಕಾಚಂಪುಳಿಯನ್ನೂ ಕಿತ್ತಳೆಯನ್ನೂ ಚಿಕ್ಕಂದಿನಿಂದ ತಿಂದು ಬೆಳೆದ ನಮಗೆ ಹುಳಿಯ ಹದ ಹೊಸದೇನಲ್ಲ. ಡ್ರೈ ವೈಟ್ ವೈನನ್ನು ಆರಿಸುವಾಗ ದ್ರಾಕ್ಷಿಯ ಹೆಸರಿಗಿಂತ, ಬೆಲೆಗಿಂತ ಮೊದಲು ಅದರ ಹುಳಿಯನ್ನು ಅಂದಾಜು ಮಾಡಲು ಕಲಿತರೆ ಉಳಿದದ್ದೆಲ್ಲ ಸಲೀಸಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಅಡುಗೆಮನೆಯಲ್ಲೊಂದು ಪರೀಕ್ಷೆ

ದ್ರಾಕ್ಷಿಯನ್ನು ಹಿಂಡಿ, ಸಿಪ್ಪೆಯನ್ನು ಬೇರ್ಪಡಿಸಿ, ರಸವನ್ನಷ್ಟೇ ತಂಪಾದ ಉಷ್ಣಾಂಶದಲ್ಲಿ ಹುದುಗಿಸಿದರೆ ವೈಟ್ ವೈನ್ ಆಗುತ್ತದೆ. ಯೀಸ್ಟ್ ರಸದಲ್ಲಿರುವ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಆಗಿ ಮಾರ್ಪಡಿಸುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯನ್ನು ಅದು ತಿಂದರೆ ಶೇ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ಯೀಸ್ಟ್ ಬಹುಪಾಲು ಎಲ್ಲ ಸಕ್ಕರೆಯನ್ನೂ ಮುಗಿಸಿಬಿಟ್ಟರೆ ಅದು ಡ್ರೈ ವೈನ್. ನಡುವೆಯೇ ಹುದುಗುವಿಕೆಯನ್ನು ನಿಲ್ಲಿಸಿದರೆ ಸಿಹಿ ಉಳಿಯುತ್ತದೆ. ಐರೋಪ್ಯ ಒಕ್ಕೂಟದ ನಿಯಮದಂತೆ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಉಳಿದಿರುವ ವೈನನ್ನು ಡ್ರೈ ಎನ್ನಬಹುದು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ವೈನಿನಲ್ಲಿ ಹುಳಿಯ ಅಂಶ ಸಾಕಷ್ಟಿದ್ದರೆ, ಅಂದರೆ ಲೀಟರಿಗೆ ಹುಳಿಯ ಪ್ರಮಾಣ ಸಕ್ಕರೆಯ ಪ್ರಮಾಣಕ್ಕಿಂತ ಕಡಿಮೆಯಿದ್ದರೂ ಆ ಅಂತರ 2 ಗ್ರಾಂ ಮೀರದಿದ್ದರೆ, 9 ಗ್ರಾಂವರೆಗೆ ಸಕ್ಕರೆ ಇದ್ದರೂ ಅದು ಡ್ರೈ ಎನಿಸಿಕೊಳ್ಳುತ್ತದೆ. ಕಾನೂನು ಬರೆದವರು ಕೂಡ ಸಿಹಿಯನ್ನು ಹುಳಿಯ ಪಕ್ಕದಲ್ಲಿಟ್ಟೇ ಅಳೆದಿದ್ದಾರೆ.

ಇದರ ಅರ್ಥ ತಿಳಿಯಲು ವೈನ್ ಬೇಕಿಲ್ಲ. ಒಂದು ಲೀಟರ್ ನೀರಿಗೆ ಮಟ್ಟಸವಾದ ಒಂದು ಟೀ ಚಮಚ, ಎಂದರೆ ಸುಮಾರು 4 ಗ್ರಾಂ, ಸಕ್ಕರೆ ಕರಗಿಸಿ ಕುಡಿದು ನೋಡಿ. ಸಿಹಿ ಇದೆಯೋ ಇಲ್ಲವೋ ಎಂದು ಅನುಮಾನಿಸುವಷ್ಟು ಸಪ್ಪೆಯಾಗಿರುತ್ತದೆ. ಇನ್ನೆರಡು ಚಮಚ ಸೇರಿಸಿದರೆ ಸಿಹಿ ಸ್ಪಷ್ಟವಾಗುತ್ತದೆ. ಈಗ ಅದಕ್ಕೊಂದು ನಿಂಬೆಹಣ್ಣು ಹಿಂಡಿ. ಸಕ್ಕರೆ ಅಷ್ಟೇ ಇದ್ದರೂ ಸಿಹಿ ಹಿಂದೆ ಸರಿದು ಹುಳಿ ಮುಂದೆ ಬರುತ್ತದೆ. ಬಾಟಲಿಯೊಳಗೆ ನಡೆಯುವುದೂ ಇದೇ.

ಎರಡನೆಯ ಪರೀಕ್ಷೆ ಮೂಗಿನದು. ಡ್ರೈ ವೈಟ್ ವೈನಿಗೆ ಮಾವು, ಪೈನಾಪಲ್, ಸೀಬೆ ಹಣ್ಣುಗಳ ಪರಿಮಳ ಇರಬಹುದು. ಆ ಪರಿಮಳದಿಂದಲೇ ಹಲವರು ವೈನ್ ಸಿಹಿ ಎಂದು ಭಾವಿಸುತ್ತಾರೆ. ಮೂಗು ಬಿಗಿಹಿಡಿದು ಒಂದು ಗುಟುಕು ಕುಡಿದರೆ ಪರಿಮಳ ಮಾಯವಾಗಿ ನಾಲಿಗೆಗೆ ನಿಜವಾಗಿ ಸಿಕ್ಕುವುದಷ್ಟೇ ಉಳಿಯುತ್ತದೆ. ನುಂಗಿದ ಮೇಲೆ ದವಡೆಯ ಎರಡೂ ಬದಿಯಲ್ಲಿ ನೀರೂರುವುದನ್ನು ಗಮನಿಸಬೇಕು. ಹೆಚ್ಚು ಹೊತ್ತು, ಹೆಚ್ಚು ಪ್ರಮಾಣದಲ್ಲಿ ನೀರೂರಿದರೆ ಆ ವೈನಿನಲ್ಲಿ ಹುಳಿ ಹೆಚ್ಚು. ಕಾಫಿಯ ಕಪ್ಪಿಂಗ್, ಎಂದರೆ ರುಚಿ ನೋಡಿ ಗುಣ ಅಳೆಯುವ ಕ್ರಮ, ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳ್ಳೆಯ ಅರೇಬಿಕಾದಲ್ಲಿ ಆಸಿಡಿಟಿಯನ್ನು ಹೇಗೆ ಕುಂದೆಂದಲ್ಲ, ಗುಣವೆಂದು ಎಣಿಸುತ್ತಾರೋ ಇಲ್ಲಿಯೂ ಹಾಗೆಯೇ.

ಲೇಬಲ್ ಓದುವ ಕ್ರಮ

ನಮ್ಮಲ್ಲಿ ಮಾರಾಟವಾಗುವ ಅನೇಕ ಬಾಟಲಿಗಳ ಮೇಲೆ ಡ್ರೈ ಎಂಬ ಮಾತೇ ಇರುವುದಿಲ್ಲ. ಹಾಗಿರುವಾಗ ಮೊದಲು ನೋಡಬೇಕಾದದ್ದು ಆಲ್ಕೋಹಾಲಿನ ಪ್ರಮಾಣ. ಶೇ 12ರಿಂದ 13.5ರವರೆಗೆ ಇದ್ದರೆ ಸಕ್ಕರೆ ಬಹುತೇಕ ಮುಗಿದಿರುವ ಸಂಭವ ಹೆಚ್ಚು. ಶೇ 8 ಅಥವಾ 9 ಎಂದಿದ್ದರೆ ಯೀಸ್ಟ್ ತನ್ನ ಕೆಲಸವನ್ನು ಅರ್ಧಕ್ಕೇ ಬಿಟ್ಟಿದೆ, ಸಿಹಿ ಉಳಿದಿದೆ ಎಂದು ಊಹಿಸಬಹುದು. ಆಮದು ಬಾಟಲಿಗಳಲ್ಲಿ ಫ್ರಾನ್ಸಿನದಾದರೆ 'ಸೆಕ್', ಇಟಲಿಯದಾದರೆ 'ಸೆಕ್ಕೋ', ಜರ್ಮನಿಯದಾದರೆ 'ಟ್ರೋಕನ್' ಎಂದಿರುವುದನ್ನು ಹುಡುಕಬೇಕು. ಜರ್ಮನಿಯ ಬಾಟಲಿಯಲ್ಲಿ 'ಹಾಲ್ಬ್‌ಟ್ರೋಕನ್' ಎಂದಿದ್ದರೆ ಅದರಲ್ಲಿ ತುಸು ಸಿಹಿ ಇದೆ. ರೀಸ್ಲಿಂಗ್ ಎಂಬ ದ್ರಾಕ್ಷಿಯಿಂದ ಮಾಡಿದ ಕೆಲವು ವೈನುಗಳ ಬಾಟಲಿಗಳ ಹಿಂಬದಿಯಲ್ಲಿ ಡ್ರೈಯಿಂದ ಸ್ವೀಟ್‌ವರೆಗೆ ಒಂದು ಗೆರೆ ಎಳೆದು, ಆ ವೈನ್ ಎಲ್ಲಿ ನಿಲ್ಲುತ್ತದೆ ಎಂದು ಗುರುತು ಮಾಡಿರುತ್ತಾರೆ. ಎಲ್ಲ ತಯಾರಕರೂ ಇದನ್ನು ಅನುಸರಿಸಿದ್ದರೆ ಕೊಳ್ಳುವವರಿಗೆ ಎಷ್ಟೋ ಉಪಕಾರವಾಗುತ್ತಿತ್ತು.

ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನುಗಳಲ್ಲಿ ಲೆಕ್ಕ ಬೇರೆ. ಅಲ್ಲಿ 'ಬ್ರೂಟ್' ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. 'ಎಕ್ಸ್‌ಟ್ರಾ ಡ್ರೈ' ಎಂದರೆ 12ರಿಂದ 17 ಗ್ರಾಂ, ಬರಿಯ 'ಡ್ರೈ' ಎಂದರೆ 17ರಿಂದ 32 ಗ್ರಾಂ. ಆದ್ದರಿಂದ ಸಿಹಿ ಬೇಡವೆನ್ನುವವರು ಬ್ರೂಟ್ ಕೇಳಬೇಕೇ ಹೊರತು ಎಕ್ಸ್‌ಟ್ರಾ ಡ್ರೈ ಕೇಳಬಾರದು.

ಯಾವ ದ್ರಾಕ್ಷಿ, ಎಷ್ಟು ಹುಳಿ

ಹೊಸಬರು ಸೋವಿನ್ಯೋನ್ ಬ್ಲಾಂದಿಂದ ಆರಂಭಿಸುವುದು ಒಳ್ಳೆಯದು. ಫ್ರಾನ್ಸಿನ ಲ್ವಾರ್ ಕಣಿವೆಯ ಸಾನ್ಸೇರ್, ನ್ಯೂಜಿಲೆಂಡಿನ ಮಾರ್ಲ್‌ಬರೋ ಇದಕ್ಕೆ ಹೆಸರಾದ ನೆಲೆಗಳು. ಹುಳಿ ಚುರುಕಾಗಿರುತ್ತದೆ, ಸಿಹಿ ಸಾಮಾನ್ಯವಾಗಿ ಇರುವುದಿಲ್ಲ. ಲೋಟವನ್ನು ಮೂಗಿನ ಬಳಿ ತಂದರೆ ಆಗಷ್ಟೇ ಹೆಚ್ಚಿದ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಬರುತ್ತದೆ. ಇದು ಕಲ್ಪನೆಯಲ್ಲ, ದೊಣ್ಣೆಮೆಣಸಿನಕಾಯಿಗೆ ಆ ವಾಸನೆ ಕೊಡುವ ಮೆಥಾಕ್ಸಿಪೈರಝಿನ್ ಎಂಬ ರಾಸಾಯನಿಕವೇ ಈ ದ್ರಾಕ್ಷಿಯಲ್ಲಿಯೂ ಇದೆ. ದ್ರಾಕ್ಷಿ ಮಾಗಿದಷ್ಟೂ ಆ ಹಸಿ ವಾಸನೆ ಕಡಿಮೆಯಾಗಿ ಹಣ್ಣಿನ ಪರಿಮಳ ಹೆಚ್ಚುತ್ತದೆ. ನಮ್ಮದೇ ರಾಜ್ಯದಲ್ಲಿ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ನಂದಿಬೆಟ್ಟದ ತಪ್ಪಲಿನಲ್ಲಿ ಬಳ್ಳಿ ನೆಟ್ಟ ಗ್ರೋವರ್, ಹಂಪಿಯ ಸಮೀಪದ ಗುಡ್ಡಗಳಲ್ಲಿ ಬೆಳೆಯುವ ಕೃಷ್ಮಾ, ಮಹಾರಾಷ್ಟ್ರದ ನಾಸಿಕದಲ್ಲಿ ಬೆಳೆದು 2000ದಲ್ಲಿ ತನ್ನ ಮೊದಲ ವೈನುಗಳನ್ನು ಮಾರುಕಟ್ಟೆಗೆ ತಂದ ಸುಲಾ, ಈ ಮೂರು ಸಂಸ್ಥೆಗಳೂ ಸೋವಿನ್ಯೋನ್ ಬ್ಲಾಂ ತಯಾರಿಸುತ್ತವೆ. ಆಮದು ಸುಂಕದ ಭಾರ ಹೊತ್ತ ಬಾಟಲಿಗೆ ಕೈಹಾಕುವ ಮೊದಲು ಇವುಗಳಲ್ಲೊಂದನ್ನು ಕುಡಿದು ನೋಡುವುದು ಜಾಣತನ.

ಶೆನಿನ್ ಬ್ಲಾಂ ಹುಳಿಯಲ್ಲಿ ಸೋವಿನ್ಯೋನಿಗೆ ಕಡಿಮೆಯದೇನಲ್ಲ. ಆದರೆ ಇದೇ ದ್ರಾಕ್ಷಿಯಿಂದ ಅಪ್ಪಟ ಡ್ರೈ ವೈನನ್ನೂ ಮಾಡುತ್ತಾರೆ, ಜೇನಿನಷ್ಟು ಸಿಹಿಯಾದದ್ದನ್ನೂ ಮಾಡುತ್ತಾರೆ. ಭಾರತದಲ್ಲಿ ಮಾರುವ ಶೆನಿನ್ ಬ್ಲಾಂಗಳಲ್ಲಿ ಎಷ್ಟೋ ಬಾಟಲಿಗಳಲ್ಲಿ ತುಸು ಸಿಹಿಯನ್ನು ಉಳಿಸಿರುತ್ತಾರೆ. ಸಿಹಿಯಿಂದ ಡ್ರೈ ಕಡೆಗೆ ಮೆಲ್ಲಗೆ ಬರಬಯಸುವವರಿಗೆ ಇದು ಒಳ್ಳೆಯ ಮೆಟ್ಟಿಲು, ಡ್ರೈ ಬೇಕೆಂದೇ ಹುಡುಕುವವರು ಮಾತ್ರ ಹಿಂಬದಿಯ ಲೇಬಲ್ ಓದದೆ ಕೊಳ್ಳಬಾರದು.

ಶಾರ್ಡನೇ ತಯಾರಕನ ಕೈಯಲ್ಲಿ ರೂಪ ಬದಲಿಸುವ ದ್ರಾಕ್ಷಿ. ಫ್ರಾನ್ಸಿನ ತಂಪು ಪ್ರದೇಶವಾದ ಶಾಬ್ಲಿಯಲ್ಲಿ ಅದು ತೆಳುವಾಗಿ, ಹರಿತವಾದ ಹುಳಿಯಿಂದ ಕೂಡಿರುತ್ತದೆ. ಬೇರೆಡೆ ತಯಾರಕರು ಬ್ಯಾಕ್ಟೀರಿಯಾಗಳ ಮೂಲಕ, ಹಸಿರು ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸಿ, ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಆಗ ಹುಳಿ ಮೆತ್ತಗಾಗಿ ಬೆಣ್ಣೆಯ, ವೆನಿಲ್ಲಾದ ವಾಸನೆ ಬರುತ್ತದೆ. ಲೇಬಲ್ಲಿನ ಮೇಲೆ ಓಕ್, ಬ್ಯಾರಲ್ ಎಂಬ ಮಾತಿದ್ದರೆ ಎರಡನೆಯ ಬಗೆ ಎಂದು ತಿಳಿಯಬೇಕು. ರೀಸ್ಲಿಂಗ್‌ನ ಹುಳಿ ಎಲ್ಲಕ್ಕಿಂತ ತೀಕ್ಷ್ಣ, ಡ್ರೈ ರೀಸ್ಲಿಂಗ್ ಸಿಕ್ಕರೆ ಬಿಡಬಾರದು. ವಿಯೊನಿಯೇಯಲ್ಲಿ ಹೂವಿನ ಪರಿಮಳ ಹೆಚ್ಚು, ಹುಳಿ ಕಡಿಮೆ. ಪಿನೋ ಗ್ರಿಜಿಯೋ ಸೌಮ್ಯ, ಯಾರಿಗೂ ಬೇಡವೆನಿಸುವುದಿಲ್ಲ, ಬಹಳ ನೆನಪಿನಲ್ಲಿಯೂ ಉಳಿಯುವುದಿಲ್ಲ.

ನಮ್ಮ ಊಟಕ್ಕೆ ಹೊಂದಿಸುವುದು

ವೈನಿನ ಹುಳಿ ಊಟದ ಹುಳಿಗೆ ಸಮನಾಗಿರಬೇಕು ಅಥವಾ ಒಂದು ತೂಕ ಹೆಚ್ಚಿರಬೇಕು. ಈ ನಿಯಮವನ್ನು ಕೊಡಗಿನ ಅಡುಗೆಯಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸುವ ಅಡುಗೆ ಅಪರೂಪ. ಪಣಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಾಗಿ ಗಟ್ಟಿಯಾಗಿಸಿದ ಕಾಚಂಪುಳಿ, ಹುರಿದ ಮಸಾಲೆ, ಹಂದಿಯ ಕೊಬ್ಬು ಮೂರೂ ಸೇರಿದ ಪಂದಿಕರಿಯ ತುಣುಕೊಂದನ್ನು ಬಾಯಿಗಿಟ್ಟು, ಬಳಿಕ ವಿಯೊನಿಯೇಯನ್ನು ಗುಟುಕರಿಸಿದರೆ ವೈನ್ ನೀರಿನಂತೆ ಸಪ್ಪೆಯಾಗುತ್ತದೆ, ಅದರ ಹೂವಿನ ಪರಿಮಳ ಒಮ್ಮೆಲೇ ಸಾಬೂನಿನ ವಾಸನೆಯೆನಿಸುತ್ತದೆ. ಅದೇ ತುಣುಕಿನ ಮೇಲೆ ಡ್ರೈ ರೀಸ್ಲಿಂಗ್ ಅಥವಾ ಡ್ರೈ ಶೆನಿನ್ ಬ್ಲಾಂ ಕುಡಿದರೆ ಎರಡು ಹುಳಿಗಳೂ ಪರಸ್ಪರ ತಣಿದು, ವೈನಿನಲ್ಲಿ ಮೊದಲು ಗೊತ್ತಾಗದಿದ್ದ ಹಣ್ಣಿನ ರುಚಿ ಮೇಲೆ ಬರುತ್ತದೆ, ನಾಲಿಗೆಗೆ ಅಂಟಿದ ಕೊಬ್ಬೂ ತೊಳೆದುಹೋಗುತ್ತದೆ. ಪಂದಿಕರಿಗೆ ಕೆಂಪು ವೈನೇ ಬೇಕೆನ್ನುವ ವಾಡಿಕೆಯನ್ನು ನಾನು ಒಪ್ಪುವುದಿಲ್ಲ. ಕೆಂಪು ವೈನಿನ ಒಗರು ಕಾರದ ಜೊತೆ ಸೇರಿ ಕಹಿಯಾಗುವುದೇ ಹೆಚ್ಚು.

ಕಾರಕ್ಕೆ ಸಂಬಂಧಿಸಿ ಇನ್ನೊಂದು ಎಚ್ಚರಿಕೆ ಅಗತ್ಯ. ಆಲ್ಕೋಹಾಲ್ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ. ಗಾಂಧಾರಿ ಮೆಣಸು ಧಾರಾಳವಾಗಿ ಬಿದ್ದ ಅಡುಗೆಗೆ ಶೇ 14ರ ವೈನ್ ಹೊಂದುವುದಿಲ್ಲ. ಅಂಥ ಊಟಕ್ಕೆ ಆಲ್ಕೋಹಾಲ್ ಕಡಿಮೆಯಿರುವ, ತುಸು ಸಿಹಿ ಉಳಿದಿರುವ ಬಾಟಲಿಯೇ ಮೇಲು ಎಂದು ಡ್ರೈ ವೈನಿನ ಪಕ್ಷಪಾತಿಯಾದ ನಾನೂ ಹೇಳಬೇಕಾಗುತ್ತದೆ. ಕಣಿಲೆಯ ಬೈಂಬಳೆ ಕರಿಗೂ ಕಾವೇರಿಯ ಮೀನಿನ ಹುರುಕಲಿಗೂ ಸೋವಿನ್ಯೋನ್ ಬ್ಲಾಂ ಸರಿಹೊಂದುತ್ತದೆ. ತೆಂಗಿನಹಾಲಿನ ಕೋಳಿಕರಿ ಮತ್ತು ನೂಪುಟ್ಟಿಗೆ (ಅಕ್ಕಿಯ ಶಾವಿಗೆ), ಮಳೆಗಾಲದಲ್ಲಿ ತೋಟದಿಂದ ಕಿತ್ತುತಂದ ಅಣಬೆಯ ಅಡುಗೆಗೆ, ಓಕ್‌ನಲ್ಲಿಟ್ಟ ಶಾರ್ಡನೇ ಚೆನ್ನಾಗಿ ಒಪ್ಪುತ್ತದೆ.

ಅಂಗಡಿಯಲ್ಲಿ

ಕರ್ನಾಟಕದಲ್ಲಿ 2007ರ ದ್ರಾಕ್ಷಾರಸ ನೀತಿಯ ನಂತರ ವೈನನ್ನಷ್ಟೇ ಮಾರುವ ಬೊಟಿಕ್‌ಗಳು ಬಂದಿವೆ. ಇಂಥ ಅಂಗಡಿಗಳಲ್ಲಿಯೂ ದ್ರಾಕ್ಷಾರಸ ಮಂಡಳಿಯ ಮೇಳಗಳಲ್ಲಿಯೂ ಕೇಳಿ ತಿಳಿದುಕೊಳ್ಳುವ ಅವಕಾಶ ಸಾಮಾನ್ಯ ಮದ್ಯದಂಗಡಿಗಿಂತ ಹೆಚ್ಚು. ಎಲ್ಲಿಯೇ ಆದರೂ ಬಾಟಲಿಯ ಮೇಲಿನ ವರ್ಷವನ್ನು ಮೊದಲು ನೋಡಬೇಕು. ಭಾರತದಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಬಾರಿ ಕತ್ತರಿಸಿ, ಚಳಿಗಾಲದಲ್ಲಿ ಹಣ್ಣು ಮಾಗುವಂತೆ ಮಾಡಿ, ವರ್ಷದ ಮೊದಲ ತಿಂಗಳುಗಳಲ್ಲಿಯೇ ಕೊಯ್ಯುತ್ತಾರೆ. ಯುರೋಪಿನ ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ. ಹಾಗಾಗಿ ಒಂದೇ ವರ್ಷ ನಮೂದಾಗಿದ್ದರೂ ನಮ್ಮ ವೈನಿಗೆ ಅರ್ಧ ವರ್ಷ ವಯಸ್ಸು ಹೆಚ್ಚು. ಸೋವಿನ್ಯೋನ್, ಶೆನಿನ್‌ಗಳ ಸಾಮಾನ್ಯ ಬೆಲೆಯ ಬಾಟಲಿಗಳನ್ನು ಎರಡು ವರ್ಷದೊಳಗೆ ಕುಡಿದು ಮುಗಿಸುವುದು ಕ್ಷೇಮ. ಹಳೆಯದಾದಷ್ಟೂ ಒಳ್ಳೆಯದೆಂಬ ನಂಬಿಕೆ ಇವುಗಳಿಗೆ ಅನ್ವಯಿಸುವುದಿಲ್ಲ.

ಗಾಜಿನ ಷೋಕೇಸಿನಲ್ಲಿ ಬಿಸಿಲಿಗೋ ಟ್ಯೂಬ್‌ಲೈಟಿನ ಕೆಳಗೋ ನಿಂತಿರುವ, ಅದರಲ್ಲೂ ಬಣ್ಣವಿಲ್ಲದ ಗಾಜಿನ ಬಾಟಲಿಯನ್ನು ತೆಗೆದುಕೊಳ್ಳಬೇಡಿ. ಬೆಳಕು ಬಿದ್ದರೆ ವೈಟ್ ವೈನಿಗೆ ಕೊಳೆತ ಎಲೆಕೋಸಿನ ವಾಸನೆ ಹತ್ತುತ್ತದೆ. ಬಾಟಲಿಯನ್ನು ಎತ್ತಿ ಹಿಡಿದಾಗ ಹೊಸ ವರ್ಷದ ವೈನ್ ತಿಳಿಹಳದಿಯ ಬದಲು ಕಂದುಬಣ್ಣಕ್ಕೆ ತಿರುಗಿದ್ದರೆ ಅದು ಗಾಳಿಗೋ ಬಿಸಿಗೋ ಕೆಟ್ಟಿದೆ. ತಿರುಪಿನ ಮುಚ್ಚಳವನ್ನು ಅಗ್ಗದ ಗುರುತೆಂದು ಹೀಗಳೆಯುವವರಿದ್ದಾರೆ, ಆದರೆ ಬೇಗ ಕುಡಿಯುವ ವೈಟ್ ವೈನಿಗೆ ಅದು ಕಾರ್ಕ್‌ಗಿಂತ ನಂಬಿಕಸ್ಥ. ಕಾರ್ಕ್‌ನಿಂದ ಹತ್ತುವ ಬೂಷ್ಟಿನ ವಾಸನೆಯ ಭಯವೂ ಇಲ್ಲ.

ತಂಪು ಮಾಡುವುದು, ಇಟ್ಟುಕೊಳ್ಳುವುದು

ಡ್ರೈ ವೈಟ್ ವೈನನ್ನು 8ರಿಂದ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುಡಿಯಬೇಕು. ಸೋವಿನ್ಯೋನ್ ಕೆಳಗಿನ ತುದಿಯಲ್ಲಿ, ಓಕ್ ಶಾರ್ಡನೇ ಮೇಲಿನ ತುದಿಯಲ್ಲಿ. ಫ್ರಿಜ್ಜಿನೊಳಗೆ ಸುಮಾರು 4 ಡಿಗ್ರಿ ಇರುವುದರಿಂದ, ರಾತ್ರಿಯಿಡೀ ಅಲ್ಲಿದ್ದ ಬಾಟಲಿಯನ್ನು ಕಾಲು ಗಂಟೆ ಮೊದಲು ಹೊರಗೆ ತೆಗೆದಿಡಬೇಕು. ತೀರಾ ತಣ್ಣಗಿದ್ದರೆ ಪರಿಮಳ ಅಡಗಿ ಹುಳಿಯೊಂದೇ ಚುಚ್ಚುತ್ತದೆ. ಆಟಿಯ ಮಳೆಯಲ್ಲಿ ಮಡಿಕೇರಿಯ ಮನೆಗಳು ತಂಪಾಗಿರುವುದರಿಂದ ಲೋಟದಲ್ಲಿ ವೈನ್ ಬೇಗ ಬಿಸಿಯಾಗುವುದಿಲ್ಲ, ಕುಶಾಲನಗರದ ಏಪ್ರಿಲ್ ಮಧ್ಯಾಹ್ನದಲ್ಲಿ ಮಾತ್ರ ಬಕೆಟ್ಟಿನಲ್ಲಿ ಐಸಿನ ಜೊತೆ ನೀರನ್ನೂ ತುಂಬಿ ಬಾಟಲಿಯನ್ನು ಕುತ್ತಿಗೆಯವರೆಗೆ ಮುಳುಗಿಸಿಡುವುದು ಉತ್ತಮ. ಬರಿಯ ಐಸಿಗಿಂತ ಐಸಿನ ನೀರು ಬೇಗ ತಂಪು ಮಾಡುತ್ತದೆ.

ತೆರೆಯದ ಬಾಟಲಿಗೆ ಮನೆಯಲ್ಲಿ ತಕ್ಕ ಜಾಗ ಕತ್ತಲೆಯ, ತಂಪಾದ ಮೂಲೆ. ನಮ್ಮ ಮಳೆಗಾಲದ ತೇವದಿಂದ ಲೇಬಲ್ಲಿಗೆ ಬೂಷ್ಟು ಹಿಡಿದರೂ ಒಳಗಿನ ವೈನಿಗೆ ತೊಂದರೆಯಿಲ್ಲ, ಆದರೆ ಬೇಸಿಗೆಯಲ್ಲಿ ಕಾಯುವ ಅಟ್ಟ, ಒಲೆಯ ಪಕ್ಕದ ಕಪಾಟು ಇವೆರಡೂ ಬೇಡ. ಒಂದು ಬಾಟಲಿಯಲ್ಲಿ 750 ಮಿಲಿಲೀಟರ್, ಎಂದರೆ ಐದು ಲೋಟ ಇರುತ್ತದೆ. ಒಂದೇ ಕೂಟದಲ್ಲಿ ಮುಗಿಸಲೇಬೇಕೆಂಬ ಹಟ ಬೇಡ. ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ನಂತರ ಪೆಟ್ಟಾದ ಸೇಬಿನ ವಾಸನೆ ಬರಲಾರಂಭಿಸಿದರೆ ಅದನ್ನು ಲೋಟಕ್ಕೆ ಹಾಕದೆ ಅಣಬೆ ಬಾಡಿಸುವಾಗ ಬಾಣಲೆಗೆ ಸುರಿಯಬಹುದು.