ಕಾಡತೂಸು ಮನೇಲೇ ತುಂಬ್ತೀರಾ? ಮ್ಯಾಕ್ಸಿಮಮ್‌ನಿಂದ ಶುರು ಮಾಡ್ಬೇಡಿ

ಅಮೆರಿಕದಲ್ಲಿ ಬೇಟೆ, ಟಾರ್ಗೆಟ್ ಶೂಟಿಂಗ್ ಹಚ್ಕೊಂಡಿರೋ ನಮ್ಮೋರು ಆಮೇಲೆ ರೈಫಲ್ ಕಾಡತೂಸು ತಾವೇ ತುಂಬೋಕೆ ಕೂರ್ತಾರೆ, ಅಲ್ಲಿ ಅದು ಮಾಮೂಲಿ ಹವ್ಯಾಸ. ಭಾರತದಲ್ಲಿ ಮಾತ್ರ ಬೇಡ, ಲೈಸೆನ್ಸ್ ಇಲ್ದೆ ಮದ್ದುಗುಂಡು ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ಸುಮಾರು ಜನ ಎಡವೋದು ಒಂದೇ ಕಡೆ, ಲೋಡ್ ಪುಸ್ತಕದಲ್ಲಿ (ಯಾವ ಬುಲೆಟ್‌ಗೆ ಎಷ್ಟು ಮದ್ದು, ಅಂದ್ರೆ ಪೌಡರ್, ಅಂತ ಹೇಳೋ ಪುಸ್ತಕ) ಮ್ಯಾಕ್ಸಿಮಮ್ ಪೌಡರಿನ ಕೊನೇ ಕಾಲಂ ನೋಡಿ ಸೀದಾ ಅಲ್ಲಿಂದ್ಲೇ ಶುರು ಮಾಡ್ತಾರೆ.

ಖಾಲಿ ಕೇಸ್ (ಕಾಡತೂಸಿನ ಹಿತ್ತಾಳೆ ಕವಚ) ತೊಳೆದು, ಬಿರುಕಿರೋದನ್ನ ಎಸೆದು, ರೀಸೈಜ್ ಮಾಡಿ (ಡೈಗೆ ಒತ್ತಿ ಮೊದಲಿನ ಅಳತೆಗೆ ತಂದು), ಉದ್ದ ಅಳೆದು (.308 ವಿಂಚೆಸ್ಟರ್ ಅನ್ನೋ ರೈಫಲ್ ಕಾಡತೂಸಿಗೆ 2.015 ಇಂಚು ದಾಟಬಾರ್ದು), ಪ್ರೈಮರ್ (ಪೌಡರಿಗೆ ಕಿಡಿ ಹಚ್ಚೋ ತಳದ ಪುಟ್ಟ ಬಟ್ಟಲು) ಕೂರಿಸಿ. ಇದು ಬೇಗ ಕೈಗೆ ಹತ್ತುತ್ತೆ.

ಪೌಡರ್ ಹೆಸರು ಅಕ್ಷರ ಅಕ್ಷರ ಓದಿ. ಎಚ್4350, ಐಎಂಆರ್ 4350 ಎರಡೂ ಬೇರೆ ಬೇರೆ, ಒಂದರ ಡೇಟಾ ಇನ್ನೊಂದಕ್ಕೆ ನಡೆಯಲ್ಲ. ಟೇಬಲ್ ಮೇಲೆ ಒಂದೇ ಡಬ್ಬಿ ಇರ್ಲಿ. ಲೇಬಲ್ ಕಿತ್ತೋಗಿರೋ ಡಬ್ಬಿ ಯಾರಾದ್ರೂ ಪುಕ್ಕಟೆ ಕೊಟ್ರೂ ತಗೋಬೇಡಿ.

ತೂಕಕ್ಕೆ ಅಗ್ಗದ ಪಾಕೆಟ್ ಡಿಜಿಟಲ್ ಸ್ಕೇಲ್ ಬೇಡ್ವೇ ಬೇಡ, ಫ್ಯಾನ್ ಗಾಳಿಗೇ ರೀಡಿಂಗ್ ಅಲ್ಲಾಡುತ್ತೆ, ಪೌಡರ್ ತೂಗೋದು ಗ್ರೇನ್ ಲೆಕ್ಕದಲ್ಲಿ, ಒಂದು ಗ್ರೇನ್ ಅಂದ್ರೆ ಬರೀ 65 ಮಿಲಿಗ್ರಾಂ ನೋಡಿ. ಬೀಮ್ ಸ್ಕೇಲ್ (ತಕ್ಕಡಿ ಥರದ್ದು) ತಗೊಳ್ಳಿ, ಚೆಕ್ ವೇಯ್ಟ್ (ತೂಕ ಗೊತ್ತಿರೋ ಬಟ್ಟು) ಇಟ್ಟು ಸರಿಯಿದ್ಯಾ ನೋಡಿ.

ಈಗ ಅಸಲಿ ಕೆಲಸ. ಪುಸ್ತಕದಲ್ಲಿ ಸ್ಟಾರ್ಟ್ ಅಂತ ಇರೋದ್ರಿಂದ್ಲೇ ಶುರು ಮಾಡಿ, ಅದಕ್ಕಿಂತ ಕೆಳಗೂ ಇಳೀಬೇಡಿ, ತೀರಾ ಕಮ್ಮಿ ಪೌಡರ್ರೂ ಅಪಾಯವೇ. ಅಲ್ಲಿಂದ .308 ಸೈಜಿನ ಕೇಸಿಗೆ 0.3ರಿಂದ 0.5 ಗ್ರೇನ್ ಏರಿಸ್ತಾ, ಪ್ರತಿ ಮೆಟ್ಟಿಲಿಗೂ ಮೂರು ಮೂರು ತುಂಬಿ ಗುರುತು ಹಾಕಿ. ಬುಲೆಟ್ ಕೂರಿಸೋಕೆ ಮುಂಚೆ ಎಲ್ಲ ಕೇಸೂ ಸಾಲಾಗಿ ನಿಲ್ಲಿಸಿ ಟಾರ್ಚ್ ಬಿಟ್ಟು ಒಳಗೆ ನೋಡಿ, ಒಂದ್ರಲ್ಲಿ ಮಟ್ಟ ಹೆಚ್ಚುಕಮ್ಮಿ ಇದ್ರೂ ಸುರಿದು ಮತ್ತೆ ತೂಗಿ. ರೇಂಜಲ್ಲಿ ಕನ್ನಡಕ ಹಾಕ್ಕೊಂಡು ಕಮ್ಮಿಯಿಂದ್ಲೇ ಹೊಡೀತಾ ಬನ್ನಿ, ಪ್ರತಿ ಸಲ ಕೇಸ್ ಎತ್ತಿ ತಳ ನೋಡಿ. ಪ್ರೈಮರಿನ ದುಂಡಗಿನ ಅಂಚು ಹೋಗಿ ಪೂರ್ತಿ ಚಪ್ಪಟೆ ಆಗಿದ್ಯಾ, ತಳದ ಹಿತ್ತಾಳೆ ಮೇಲೆ ಎಜೆಕ್ಟರ್ (ಖಾಲಿ ಕೇಸ್ ಹೊರಗೆ ತಳ್ಳೋ ಭಾಗ) ಉಜ್ಜಿದ ಹೊಳೆಯೋ ಗುರುತಿದ್ಯಾ, ರೈಫಲಿನ ಬೋಲ್ಟ್ ಹಿಡಿ ಎತ್ತೋಕೆ ಬಿಗಿ ಆಯ್ತಾ? ಇವು ಒತ್ತಡ ಜಾಸ್ತಿ ಆದ ಗುರುತು, ಒಂದು ಕಂಡ್ರೂ ನಿಲ್ಲಿಸಿ, ಉಳಿದಿದ್ದನ್ನ ಮನೆಗೆ ತಂದು ಬುಲೆಟ್ ಪುಲ್ಲರಲ್ಲಿ ಬಿಚ್ಚಿ. ಇನ್ನೊಂದ್ ಮಾತು, .308ರ ಒತ್ತಡದ ಮಿತಿ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಅದು ದಾಟಿದ್ರೂ ಕೆಲವು ಸಲ ಏನೂ ಗುರುತು ಕಾಣಲ್ಲ, ಹಾಗಾಗಿ ಗುರುತಿಲ್ಲ ಅಂತ ಪುಸ್ತಕದ ಮಿತಿ ಮೀರ್ಬೇಡಿ. ಕ್ರೋನೋಗ್ರಾಫಲ್ಲಿ (ಬುಲೆಟ್ ವೇಗ ಅಳೆಯೋ ಯಂತ್ರ) ಪುಸ್ತಕದ ಮ್ಯಾಕ್ಸಿಮಮ್ ವೇಗ ಮೊದಲೇ ಬಂದ್ಬಿಟ್ರೆ ಅಲ್ಲೇ ಸಾಕು.

ಬುಲೆಟ್, ಪ್ರೈಮರ್, ಕೇಸ್ ಯಾವ್ದೇ ಬದಲಾದ್ರೂ, ರೈಫಲ್ಲೇ ಬದಲಾದ್ರೂ, ಮತ್ತೆ ಸ್ಟಾರ್ಟಿಂದ್ಲೇ.