ಗೊರಸು ಕೊಳೆತರೆ ಮೊದಲು ಒಣಗಿಸಿ, ಆಮೇಲೆ ಔಷಧಿ

ಮಳೆಗಾಲದಲ್ಲಿ ಮೈಸೂರಿನ ಟಾಂಗಾ ಕುದುರೆಯ ಕಾಲೆತ್ತಿ ನೋಡಿ. ಕೆಲವದರ ಗೊರಸಿನಿಂದ ಸತ್ತ ಇಲಿಯ ವಾಸನೆ ಬರುತ್ತದೆ. ಬೆರಳಿಗೆ ಕಪ್ಪು ಗಸಿ ಅಂಟುತ್ತದೆ. ಇದೇ ಗೊರಸಿನ ಕೊಳೆತ. ನಮ್ಮವರು ಏನು ಮಾಡುತ್ತಾರೆ? ಕೆಸರಿನ ಮೇಲೇ ಬಾಟಲಿ ಬಗ್ಗಿಸಿ ಕಾಲು ಬಿಡುತ್ತಾರೆ. ಹಲ್ಲುಜ್ಜದೆ ಏಲಕ್ಕಿ ಜಗಿದ ಹಾಗೆ, ಅಲ್ವಾ?

ಭುಜದ ಪಕ್ಕ ಬಾಲದ ಕಡೆ ಮುಖ ಮಾಡಿ ನಿಂತು ಮುಂಗಾಲು ಎತ್ತಿಸಿ. ಗೊರಸು ಕೆರೆಯುವ ಕೊಕ್ಕೆಯನ್ನು ಹಿಮ್ಮಡಿಯಿಂದ ಮುಂದಕ್ಕೆ ಎಳೆದು ಲದ್ದಿ, ಕಲ್ಲು ತೆಗೆಯಿರಿ.

ಎಡವುವುದು ಇಲ್ಲಿಂದ ಮುಂದೆ. ಅಂಗಾಲಿನ ನಡುವೆ ಬಾಣದ ತುದಿಯಂಥ ಮೆತ್ತನೆ ಭಾಗ ಇದೆಯಲ್ಲ, ಅದಕ್ಕೆ ಫ್ರಾಗ್ ಅನ್ನುತ್ತಾರೆ. ಅದರ ಎರಡು ಪಕ್ಕದ ಹಳ್ಳ, ಹಿಂದುಗಡೆ ನಟ್ಟನಡುವಿನ ಸೀಳು, ಇವೇ ರೋಗದ ಮನೆ. ಗಾಳಿಯಾಡದ ಕಡೆ ಕೊಳೆತ ತರುವ ಕ್ರಿಮಿಗಳು ಹುಲುಸಾಗಿ ಬೆಳೆಯುತ್ತವೆ. ಸೀಳಿಗೆ ಕೊಕ್ಕೆ ಹಾಕಬೇಡಿ, ಕುದುರೆ ಒದೆಯುತ್ತದೆ, ಒದೆಯಲೇಬೇಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಸಣ್ಣ ಚಮಚ ಉಪ್ಪು ಹಾಕಿ, ಸೂಜಿ ತೆಗೆದ ಸಿರಿಂಜಿನಿಂದ ಒಳಗೆ ಚಿಮ್ಮಿಸಿ. ಬರುವ ನೀರು ತಿಳಿಯಾಗುವವರೆಗೂ ಬಿಡಬೇಡಿ. ಆಮೇಲೆ ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿ. ಬಟ್ಟೆಯ ಅಂಚನ್ನು ಸೀಳಿನೊಳಗೆ ಹಲ್ಲಿನ ಸಂದಿಗೆ ದಾರ ಹಾಕಿದಂತೆ ಆಡಿಸಿ. ಒದ್ದೆ ಉಳಿದರೆ ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮ.

ಈಗ ಔಷಧಿ. ನನ್ನ ಆಯ್ಕೆ ಪೊವಿಡೋನ್ ಅಯೋಡಿನ್ ಮಾತ್ರ, ಗಾಯಕ್ಕೆ ಹಚ್ಚುವ ಕಂದು ಬಣ್ಣದ ಔಷಧಿ. ಹತ್ತಿಯನ್ನು ದೀಪದ ಬತ್ತಿಯಂತೆ ಹೊಸೆದು, ಅದರಲ್ಲಿ ಅದ್ದಿ ಹಿಂಡಿ, ಐಸ್‌ಕ್ರೀಂ ಕಡ್ಡಿಯಿಂದ ಸೀಳಿಗೆ ಮೆತ್ತಗೆ ತಳ್ಳಿ. ತುದಿ ಹೊರಗಿರಲಿ, ಇಲ್ಲದಿದ್ದರೆ ನಾಳೆ ಹುಡುಕುತ್ತಾ ಕೂರಬೇಕು. ದಿನಾ ಹೊಸ ಬತ್ತಿ. ವಾಸನೆ ಹೋದ ಮೇಲೂ ನಾಲ್ಕೈದು ದಿನ ಬಿಡಬೇಡಿ.

ಫಾರ್ಮಲಿನ್, ಸುಟ್ಟ ಇಂಜಿನ್ ಆಯಿಲ್ ಹತ್ತಿರ ತರಲೇಬೇಡಿ. ಹೆಸರಿಲ್ಲದ ಬಾಟಲಿಯ ನೇರಳೆ ಸ್ಪ್ರೇ ನಾನೂ ಒಮ್ಮೆ ಕೊಂಡಿದ್ದೆ. ಗೊರಸೆಲ್ಲ ಬಣ್ಣವಾಯಿತು, ಒಳಗಿನ ಕೊಳೆತ ಕಣ್ಣಿಗೇ ಬೀಳಲಿಲ್ಲ. ಜೋತಾಡುವ ಸತ್ತ ಚರ್ಮವನ್ನು ಲಾಳ ಕಟ್ಟುವವರೇ ಕತ್ತರಿಸಲಿ. ಲಾಳವನ್ನು ಆರು ವಾರಕ್ಕೊಮ್ಮೆ ಬಿಚ್ಚಿಸಿ ಹೊಸದಾಗಿ ಕಟ್ಟಿಸಿ.

ಲಾಯದ ನೆಲ ಗಂಜಲದಲ್ಲಿ ನೆನೆದಿದ್ದರೆ ಇದೆಲ್ಲ ಸುಮ್ನೆ. ಒಣ ಹುಲ್ಲು ಹಾಸಿ. ಹೇಸರಗತ್ತೆಗೆ ಇನ್ನೂ ಜಾಸ್ತಿ ಗಮನ ಬೇಕು. ಅದರ ಗೊರಸು ಕಿರಿದು, ಹಳ್ಳ ಆಳ.

ನಿನ್ನೆ ಓಡಿದ ಕುದುರೆ ಇವತ್ತು ಕಾಲೂರದೆ ನಿಂತು, ಗೊರಸು ಬಿಸಿಯಾಗಿದ್ದರೆ ಅದು ಬೇರೆ ಕಥೆ. ಒಳಗೆ ಕೀವು ಕಟ್ಟಿರಬಹುದು. ಚಾಕು ಹಿಡಿದು ನೀವೇ ಅಂಗಾಲು ಕೊರೆಯಬೇಡಿ, ಪಶುವೈದ್ಯರನ್ನು ಕರೆಸಿ. ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದು ಅಂತ ಅವರು ಕೇಳುತ್ತಾರೆ. ಚೀಟಿ ಹುಡುಕಿಟ್ಟಿರಿ.